ಬಿಳಿಗಾರ ತೇಯ್ದ ಶ್ರಾವಣ

ಆ ದಿನ ನಾನು ಡಾಕ್ಟರಿಗೆ ಇಲ್ಲ ಎಂದೆ, ತಂಗಿಯ ಅತ್ತೆಗೆ ಹೌದು ಎಂದೆ. ಇಲ್ಲ ಎಂದದ್ದು ಸುಳ್ಳು. ಹೌದು ಎಂದದ್ದು ನಿಜ. ಅವೆರಡರ ನಡುವೆ ನನ್ನ ತಂಗಿ ಶಾರಿ ಇಪ್ಪತ್ತೆರಡು ವರ್ಷ ಸಿಕ್ಕಿಹಾಕಿಕೊಂಡಿದ್ದಳು. ಬಿಡಿಸಬೇಕಾದವಳು ನಾನೊಬ್ಬಳೇ. ಬಿಡಿಸಲಿಲ್ಲ.

ನಾನು ಓದಿದ್ದು ನಾಲ್ಕನೇ ತರಗತಿ. ಬರೆದು ರೂಢಿಯಿಲ್ಲ. ಹೋದ ಶ್ರಾವಣದಲ್ಲಿ ಮೆಟ್ರಿಗೆ ಹೋಗಿ ಬಂದ ಮೇಲೆ, ಇದನ್ನು ಒಂದು ಕಡೆ ಬರೆದಿಡದೆ ಸಾಯಬಾರದು ಅನ್ನಿಸಿತು. ಅದಕ್ಕೆ ಬರೆಯುತ್ತಿದ್ದೇನೆ.

ಶಾರಿಯನ್ನು ಕೊಟ್ಟ ಊರು ಮೆಟ್ರಿ. ಅವಳ ಮಗಳು ಭಾಗ್ಯ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸು ನೋಡಿ ಬರೋಣವೆಂದು ಹೊಸಪೇಟೆಯಿಂದ ಕಂಪ್ಲಿ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಹೋದೆ. ಶಾರಿಯ ಗಂಡ ವೀರೇಶ ಕಟ್ಟೆಯ ಮೇಲೆ ಕೂತು ಬಕೆಟ್ಟಿನ ನೀರಿಗೆ ಒಂದು ಬಿಳಿ ಪುಡಿ ಕಲಸುತ್ತಿದ್ದ.

"ಬರ್ರಿ ಅಕ್ಕಾರ, ಕುಂದ್ರಿ. ಬಾಳಿ ಗಿಡಕ್ಕ ಹೊಡಿಯಾಕ ಇದು. ಬೋರಾನ್ ಅಂತಾರ. ಬಂಗಾರದ ಬೆಸುಗಿಗೆ ನಿಮ್ಮ ಬಿಳಿಗಾರ ಐತೆಲ್ಲ, ಅದರ ತಮ್ಮ ಇದ್ದಂಗ."

"ಇದನ್ಯಾಕಪ್ಪ ಗಿಡಕ್ಕ?"

"ಇದಿಲ್ಲಂದ್ರ ಎಲಿ ಮುದುಡ್ತಾವು, ಗೊನಿ ಸರಿಗಿ ಬರೂದಿಲ್ಲ. ಶೇಂಗಾಕ್ಕ ಕಡಿಮಿ ಬಿದ್ರ ಕಾಳು ಒಳಗ ಟೊಳ್ಳು. ಆದ್ರ ಅಂಗಡ್ಯಾವ ಭಾಳ ಹುಷಾರು ಅಂದಾನ. ಕೈ ಸ್ವಲ್ಪ ಜಾಸ್ತಿ ಆತಂದ್ರ ಅದ ಪುಡಿನ ಎಲಿ ಸುಡ್ತೈತಂತ."

ನಾನು ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಉಜ್ಜಿದೆ. ಅದಕ್ಕೆ ವಾಸನೆ ಇರುವುದಿಲ್ಲ. ನುಣುಪು ಮಾತ್ರ. ಆ ನುಣುಪು ಕೈಗೆ ಗೊತ್ತಿತ್ತು. ಸೆರಗಿಗೆ ಒರೆಸಿಕೊಂಡು ಒಳಗೆ ಹೋದೆ.

ಭಾಗ್ಯ ಗೋಡೆಗೆ ಒರಗಿ ಕೂಸಿಗೆ ಹಾಲು ಕೊಡುತ್ತಿದ್ದಳು. ರೆಪ್ಪೆ ತಾನಾಗಿ ಮುಚ್ಚುತ್ತಿತ್ತು. ಶಾರಿ ಎದುರಿಗೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಮಗಳ ಕಣ್ಣು ಮುಚ್ಚಿದಾಗೊಮ್ಮೆ ಮುಖ ಒರೆಸಿ, "ನೆಟ್ಟಗ ಕುಂದ್ರು, ಕಣ್ಣು ಬಿಡು" ಅನ್ನುತ್ತಿದ್ದಳು.

"ದೊಡ್ಡವ್ವ, ನೀನಾರ ಹೇಳು ಈಕಿಗೆ" ಎಂದಳು ಭಾಗ್ಯ. "ಮೂರು ವಾರ ಆತು ನಾ ಸರಿಯಾಗಿ ಮಲಗಿ. ಮಲಗಿ ಹ್ಯಾಂಗ ಕುಡಿಸಬೇಕಂತ ನರ್ಸಕ್ಕನ ತೋರಿಸ್ಯಾಳ. ಈಕಿ ಪೊಲೀಸ್ ನಿಂತಂಗ ನಿಂದಿರ್ತಾಳ."

ಶಾರಿ ನನ್ನ ಕಡೆ ನೋಡದೆ, "ನರ್ಸಕ್ಕನ ಕೂಸು ಹೋಗಿಲ್ಲ" ಎಂದಳು.

ಆ ಮಾತಿಗೆ ಉತ್ತರ ನನ್ನ ಬಾಯಲ್ಲಿತ್ತು. ಇಪ್ಪತ್ತೆರಡು ವರ್ಷದಿಂದ ಇತ್ತು. ನೀರು ಕುಡಿಯುವ ನೆಪ ಮಾಡಿ ಹಿತ್ತಲಿಗೆ ಹೋಗಿ ನಿಂತೆ.

ನಾವಿಬ್ಬರೂ ಹುಟ್ಟಿದ್ದು ಸಂಡೂರಿನಲ್ಲಿ, ಅಕ್ಕಸಾಲಿಗರ ಮನೆಯಲ್ಲಿ. ಶಾರಿಗೆ ನಾಲ್ಕು ವರ್ಷವಿದ್ದಾಗ ಅವ್ವ ತೀರಿಕೊಂಡಳು. ನಾನು ಶಾಲೆ ಬಿಟ್ಟು ಒಲೆ ಮುಂದೆ ಕೂತೆ. ಶಾರಿ ಬೆಳೆದದ್ದು ನನ್ನ ಸೊಂಟದ ಮೇಲೆ. ನನ್ನನ್ನು ಹೊಸಪೇಟೆಗೆ, ಅಕ್ಕಸಾಲಿಗರ ಮನೆಗೇ ಕೊಟ್ಟರು. ಶಾರಿ ಮಾತ್ರ ಹಟ ಮಾಡಿ ಎಸ್ಸೆಸ್ಸೆಲ್ಸಿ ಮುಗಿಸಿಯೇ ಮದುವೆಯಾದಳು. ನನಗೆ ಮಕ್ಕಳಾಗಲಿಲ್ಲ. ಹಾಗಾಗಿ ಅವಳು ಬಸುರಿಯಾದಾಗ ಬಾಣಂತನ ನನ್ನ ಮನೆಯಲ್ಲೇ ಎಂದು ನಾನು ಯಾರನ್ನೂ ಕೇಳದೆ ತೀರ್ಮಾನ ಮಾಡಿದ್ದೆ.

ಅದು ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲ. ಸಂಡೂರಿನ ಕಡೆಯಿಂದ ಬಂದ ಕೆಂಪು ಧೂಳು ಹೊಸಪೇಟೆಯ ಬೇವಿನ ಎಲೆಗಳ ಮೇಲೂ ಕೂರುತ್ತಿತ್ತು. ಆ ವರ್ಷ ಮಳೆ ನಮ್ಮಲ್ಲಿ ಬರೀ ಜಿಟಿಜಿಟಿ. ಬಿದ್ದಷ್ಟು ಹನಿಗೆ ಧೂಳೆಲ್ಲ ರಾಡಿಯಾಗಿ, ಒಣಗಿಸಿದ ಬಟ್ಟೆಯ ತುಂಬ ಕೆಂಪು ಚುಕ್ಕೆ. ಮೇಲೆ ಘಟ್ಟದ ಕಡೆ ಜೋರು ಮಳೆಯಾಗಿ ಡ್ಯಾಮು ತುಂಬಿತ್ತು. ಗೇಟು ಎತ್ತಿದ್ದಾರೆಂದು ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದರು. ಅದಿರಿನಿಂದ ಕೈ ತುಂಬಿದವರೆಲ್ಲ ಬಂಗಾರ ಮಾಡಿಸುವವರೇ. ಶ್ರಾವಣದ ಮದುವೆಗಳಿಗೆ ನನ್ನ ಯಜಮಾನರಿಗೆ ತಲೆ ಎತ್ತಲಾಗದಷ್ಟು ಕೆಲಸ ಬಂದಿತ್ತು.

ಮನೆಯ ಮುಂದಿನ ಕೋಣೆಯೇ ಅವರ ಕೆಲಸದ ಜಾಗ. ಅಲ್ಲಿ ಬಂಗಾರದಷ್ಟೇ ಬೆಲೆ ಬಿಳಿಗಾರಕ್ಕೆ. ಎರಡು ತುಂಡು ಬಂಗಾರ ಬರೀ ಬೆಂಕಿಗೆ ಕೂಡುವುದಿಲ್ಲ. ಕಾದ ಕೂಡಲೇ ಮೇಲೆ ಒಂದು ಮಸಕು ಪದರ ಕಟ್ಟುತ್ತದೆ, ಬೆಸುಗೆ ಹರಿಯುವುದಿಲ್ಲ. ಅದಕ್ಕೆ ಕರಿ ಕಲ್ಲಿನ ಮೇಲೆ ನೀರು ಹಾಕಿ ಬಿಳಿಗಾರದ ಗಡ್ಡೆ ತೇಯಬೇಕು. ಆ ಗಂಧದಂಥ ನೀರನ್ನು ಗರಿಯಲ್ಲಿ ಅದ್ದಿ ಕೂಡುವ ಜಾಗಕ್ಕೆ ಸವರಿ, ಊದುಗೊಳವೆಯಿಂದ ಉರಿ ಬಿಡಬೇಕು. ಬಿಳಿಗಾರ ಮೊದಲು ಜೋಳದ ಅಳ್ಳಿನಂತೆ ಉಬ್ಬುತ್ತದೆ. ಆಮೇಲೆ ಕುಗ್ಗಿ, ಕರಗಿ, ಗಾಜಿನ ಹನಿಯಂತೆ ಹೊಳೆಯುತ್ತದೆ. ಮಸಕನ್ನೆಲ್ಲ ತಾನು ನುಂಗಿ ಬಂಗಾರವನ್ನು ಚೊಕ್ಕ ಮಾಡಿ ಬಿಡುತ್ತದೆ. ಆಗ ಬೆಸುಗೆ ನೀರಿನ ಹಾಗೆ ಓಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗುತ್ತಿರಲಿಲ್ಲ.

ನಮ್ಮ ಮಾವನವರು ಅದರ ಕತೆ ಹೇಳುತ್ತಿದ್ದರು. ಹಿಮಾಲಯದ ಆಚೆ ಬತ್ತಿದ ಕೆರೆಗಳ ತಳದಲ್ಲಿ ಅದು ಉಪ್ಪಿನ ಹಾಗೆ ಹೆಪ್ಪುಗಟ್ಟಿರುತ್ತದಂತೆ. ಅವರ ಅಜ್ಜನ ಕಾಲದಲ್ಲಿ ಕುರಿಗಳ ಬೆನ್ನಿಗೆ ಸಣ್ಣ ಚೀಲ ಕಟ್ಟಿ ಬೆಟ್ಟ ದಾಟಿಸಿ ತರುತ್ತಿದ್ದರಂತೆ. ಈಗ ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ ಎಂದು ಯಜಮಾನರು ನಗುತ್ತಿದ್ದರು. ಕುರಿಯೋ ಹಡಗೋ, ಅಷ್ಟು ದೂರದಿಂದ ಬಂದದ್ದು ಎಂದರೆ ನನಗೆ ಅದರ ಮೇಲೆ ಇನ್ನಷ್ಟು ಭಕ್ತಿ.

ಅಕ್ಕಸಾಲಿಗರ ಮನೆ ಎಂದರೆ ಓಣಿಯ ಹೆಂಗಸರಿಗೆ ಔಷಧಿ ಅಂಗಡಿಯೂ ಹೌದು. "ಕಾಳಕ್ಕ, ಕೂಸಿನ ಬಾಯಾಗ ಬೆಳ್ಳಗ ಆಗೈತಿ, ಒಂದು ಚಿಟಿಕಿ ಬಿಳಿಗಾರ ಕೊಡ್ರಿ" ಎಂದು ಬರುತ್ತಿದ್ದರು. ನಾನು ಕಬ್ಬಿಣದ ಸೌಟಿನಲ್ಲಿ ಅದನ್ನು ಉಬ್ಬಿಸಿ, ಪುಡಿ ಮಾಡಿ, ಸಣ್ಣ ಡಬ್ಬಿಯಲ್ಲಿ ಇಟ್ಟಿರುತ್ತಿದ್ದೆ. ಜೇನಿನಲ್ಲಿ ಕಲಸಿ ಕೂಸಿನ ನಾಲಿಗೆಗೆ ಹಚ್ಚುವುದು. ನಮ್ಮ ಅವ್ವ ಕೊಡುತ್ತಿದ್ದಳು, ಅತ್ತೆ ಕೊಡುತ್ತಿದ್ದರು, ನಾನೂ ಕೊಟ್ಟೆ. ಕಾಳಕ್ಕನ ಕೈಗುಣ ಚಲೋ ಅನ್ನುತ್ತಿದ್ದರು. ಮಕ್ಕಳಿಲ್ಲದ ನನಗೆ ಓಣಿಯ ಮಕ್ಕಳ ಬಾಯಲ್ಲೆಲ್ಲ ನನ್ನ ಬೆರಳಿದೆ ಎಂಬ ಹೆಮ್ಮೆ ಇತ್ತು.

ಜ್ಯೇಷ್ಠದಲ್ಲಿ ಶಾರಿಗೆ ಗಂಡು ಕೂಸು ಹುಟ್ಟಿತು. ವಿರೂಪಾಕ್ಷ ಎಂದು ಹೆಸರಿಟ್ಟೆವು. ಶ್ರಾವಣದಲ್ಲಿ ಹಂಪಿಗೆ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿಕೊಂಡಿದ್ದೆವು. ನಾನು ಅವಳಿಗೆ ಅಂಟಿನುಂಡಿ ಕಟ್ಟಿದೆ, ಎಣ್ಣೆ ತಿಕ್ಕಿ ಸುಡುಸುಡು ನೀರು ಹಾಕಿದೆ. ಒಂದೂವರೆ ತಿಂಗಳಾದಾಗ ಕೂಸಿನ ನಾಲಿಗೆಯ ಮೇಲೆ ಮೊಸರು ಮೆತ್ತಿದಂತೆ ಬಿಳುಪು ಕಂಡಿತು. ಮೊಲೆ ಹಿಡಿಯಲು ಅಳುತ್ತಿತ್ತು. ನಾನು ಡಬ್ಬಿ ತಂದೆ.

ಶಾರಿ ಕೈ ಅಡ್ಡ ಇಟ್ಟಳು. "ಬ್ಯಾಡ ಅಕ್ಕ. ಆರು ತಿಂಗಳು ಎದಿಹಾಲು ಬಿಟ್ಟು ಬಾಯಿಗೆ ಏನೂ ಹಾಕಬ್ಯಾಡ್ರಿ ಅಂತ ನರ್ಸ್ ಹೇಳ್ಯಾರ. ಕಡಿಮಿ ಆಗ್ಲಿಲ್ಲಂದ್ರ ದವಾಖಾನಿಗೆ ಹೋಗೂಣು."

"ಬಂಗಾರದ ಹೊಲಸು ತೆಗಿಯೂದು ಕೂಸಿನ ಬಾಯಿ ಹೊಲಸು ತೆಗಿಯೂದಿಲ್ಲೇನು? ಅವ್ವ ನಿನ್ನ ಬಾಯಿಗೂ ಇದನ್ನ ಹಚ್ಚಿದ್ಲು. ಏನಾಗೇತಿ ನಿನಗ?"

"ಏನಾಗೇತಿ ಅಂದ್ರ, ನಿನ್ನಂಥ ಹಟಮಾರಿ ಅಕ್ಕನ ಕೈಯಾಗ ಸಿಕ್ಕೀನಿ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಖರೇ ಹೇಳ್ತೀನಿ ಅಕ್ಕ. ಹಾಕಬ್ಯಾಡ. ನನ್ನ ಮ್ಯಾಲೆ ಆಣಿ ಐತಿ" ಎಂದಳು.

ಹೂಂ ಎಂದೆ. ಡಬ್ಬಿ ಒಳಗೆ ಇಟ್ಟೆ. ಆ ದಿನ ಮಧ್ಯಾಹ್ನವೇ ಆಣೆ ಮುರಿದೆ.

ಕೂಸು ಅತ್ತೂ ಅತ್ತೂ ಶಾರಿಯ ಕಣ್ಣು ಗುಳಿ ಬಿದ್ದಿದ್ದವು. ನಾನು ಕೂಸನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಬಂದೆ. ಮೆತ್ತನೆಯ ಹಳೇ ಸೀರೆಯ ತುಂಡನ್ನು ಮೊಲೆತೊಟ್ಟಿನ ಹಾಗೆ ಕಟ್ಟಿ, ಜೇನು ಬಿಳಿಗಾರದಲ್ಲಿ ಅದ್ದಿ ಬಾಯಿಗಿಟ್ಟೆ. ಚೀಪಿತು. ಸುಮ್ಮನಾಯಿತು. ನಿದ್ದೆ ಹೋಯಿತು. ಒಳಗೆ ಶಾರಿಯೂ ಮಲಗಿದಳು. ಎದ್ದು ಬಂದವಳು, "ಏನು ಮಾಟ ಐತಿ ಅಕ್ಕ ನಿನ್ನ ಕೈಯಾಗ? ನೀ ಎತ್ತಿಕೊಂಡ್ರ ಸಾಕು, ಸುಮ್ಮಾಗ್ತಾನ" ಎಂದಳು. ಆ ಮಾತು ನನಗೆ ಜೇನಿಗಿಂತ ರುಚಿಯಾಗಿತ್ತು.

ಮರುದಿನವೂ ಕೊಟ್ಟೆ. ಬಿಳುಪು ಹೋಗಲಿಲ್ಲ ಎಂದು ಸ್ವಲ್ಪ ಹೆಚ್ಚು ಕಲಸಿದೆ. ಓಣಿಯವರಿಗೆ ಕೊಡುವಾಗ ಚಿಟಿಕೆ, ಎರಡು ದಿನ. ನನ್ನ ತಂಗಿಯ ಕೂಸಿಗೆ ಲೆಕ್ಕವೇ ಇಲ್ಲ. ಅತ್ತಾಗೆಲ್ಲ ಆ ಬಟ್ಟೆ. ಉಬ್ಬಿಸಿದ ಪುಡಿ ಮುಗಿದ ದಿನ ಸೌಟು ಕಾಯಿಸಲು ಪುರಸೊತ್ತಿರಲಿಲ್ಲ. ಯಜಮಾನರು ಬೆಸುಗೆಗೆ ತೇಯ್ದಿಟ್ಟಿದ್ದ ಕಲ್ಲಿನ ಮೇಲಿನದನ್ನೇ ಬೆರಳಿನಿಂದ ಬಳಿದು ಜೇನಿಗೆ ಹಾಕಿದೆ. ಆಮೇಲೆ ಅದೇ ಸುಲಭ ಎಂದು ಅದನ್ನೇ ಮಾಡಿದೆ. ಹತ್ತು ಹನ್ನೆರಡು ದಿನ ಹೀಗೆ ನಡೆಯಿತು.

ಕೂಸಿನ ತೊಡೆ, ಕುಂಡೆ ಕೆಂಪಗಾದವು. ಕಂಕುಳಲ್ಲಿ ಚರ್ಮ ಸಿಪ್ಪೆಯಾಗಿ ಎದ್ದಿತು. ಕುಡಿದ ಹಾಲು ಕಾರಿಕೊಳ್ಳತೊಡಗಿತು. "ಅಕ್ಕ, ಹಿಂಗ್ಯಾಕ?" ಎಂದು ಶಾರಿ ಕೇಳಿದಳು. "ಉಷ್ಣ ಆಗೇತಿ, ಎರಡು ದಿನದಾಗ ಹೋಗ್ತೈತಿ" ಎಂದೆ. ಬಿಳಿಗಾರದ ನೆನಪು ನನಗೆ ಬರಲೇ ಇಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಬಂದಿತ್ತು. ಓಣಿಯ ಯಾವ ಕೂಸಿಗೂ ಹೀಗಾಗಿಲ್ಲವಲ್ಲ ಎಂದು ನಾನೇ ಅದನ್ನು ತಳ್ಳಿಬಿಟ್ಟೆ.

ಶ್ರಾವಣದ ಎರಡನೇ ಸೋಮವಾರ ಬೆಳಗಾಗುವ ಹೊತ್ತು. ಓಣಿಯ ಹೆಂಗಸರು ಹಂಪಿಗೆ ಹೋಗಲು ಟ್ರ್ಯಾಕ್ಸ್ ಜೀಪಿನ ಹತ್ತಿರ ಸೇರಿದ್ದರು. ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಒಳಗಿನಿಂದ ಶಾರಿ ಕೂಗಿದ್ದು ಕೇಳಿಸಿತು. ಓಡಿದೆ. ಅವಳು ಬಲಮಗ್ಗುಲಾಗಿ ಮಲಗಿ ಹಾಲು ಕೊಡುತ್ತ ನಿದ್ದೆ ಹೋಗಿದ್ದಳಂತೆ. ಕೂಸಿನ ಕೈಕಾಲು ಸೆಟೆದು ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡಿದ್ದವು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು.

ಡಾಕ್ಟರು ವಯಸ್ಸಾದವರು. ಕೂಸಿನ ಕೆಂಪು ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದರು. ಶಾರಿ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಅವರು ನನ್ನ ಕಡೆ ತಿರುಗಿ, "ಎದಿಹಾಲು ಬಿಟ್ಟು ಬ್ಯಾರೆ ಏನರ ಕೊಟ್ಟೀರೇನಮ್ಮ? ಬಜಿ ಬೇರು, ಜೇನು, ಬಿಳಿಗಾರ?" ಎಂದು ಕೇಳಿದರು.

"ಇಲ್ರಿ."

"ನೆನಪು ಮಾಡ್ಕೊಂಡು ಹೇಳ್ರಿ. ನಾ ಬೈಯೂದಿಲ್ಲ. ಹೇಳಿದ್ರ ನನಗ ಒಂದು ದಾರಿ ಸಿಗ್ತೈತಿ."

"ಏನೂ ಕೊಟ್ಟಿಲ್ರಿ."

ಮೂರನೇ ಸಲ ಕೇಳಿದಾಗ ನಾನು ತಲೆ ಅಲ್ಲಾಡಿಸಿದೆ ಅಷ್ಟೆ. ಆ ಚೀಪುವ ಬಟ್ಟೆ ನನ್ನ ಸೊಂಟದಲ್ಲೇ ಸಿಕ್ಕಿಕೊಂಡಿತ್ತು, ಇನ್ನೂ ಅಂಟಂಟಾಗಿತ್ತು. ಶಾರಿ ನನ್ನನ್ನೇ ನೋಡುತ್ತಿದ್ದಳು. ಆಣೆ ಮುರಿದದ್ದು ಅವಳಿಗೆ ಗೊತ್ತಾಗಿಬಿಡುತ್ತದಲ್ಲ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಕೂಸು ಸಾಯಬಹುದು ಎಂಬುದು ಆಮೇಲೆ ಹೊಳೆಯಿತು. ಹೇಳಿದ್ದರೆ ಬದುಕುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದೆ. ಮಧ್ಯಾಹ್ನ ವಿರೂಪಾಕ್ಷ ಹೋದ.

ಮೆಟ್ರಿಯಿಂದ ಶಾರಿಯ ಅತ್ತೆ ಆಸ್ಪತ್ರೆಗೇ ಬಂದರು. ಎದೆ ಬಡಿದುಕೊಂಡು ಅತ್ತರು. ಆಮೇಲೆ ಎಲ್ಲರ ಮುಂದೆ ನನ್ನನ್ನು ಕೇಳಿದರು, "ಈಕಿ ಮಲಕ್ಕೊಂಡು ಹಾಲು ಕುಡಿಸಿದ್ಲೇನು? ಖರೇ ಹೇಳವ್ವ."

"ಹೌದ್ರಿ" ಎಂದೆ.

"ಮತ್ತ ಹಾಲು ನೆತ್ತಿಗೇರೈತಿ. ಕೈಯಾರ ಕಳಕೊಂಡ್ಲು" ಎಂದರು. ಶಾರಿ ಅಳಲಿಲ್ಲ. ತನ್ನ ಎದೆಯನ್ನು ಬಗ್ಗಿ ನೋಡಿಕೊಂಡಳು. ಕುಪ್ಪಸ ಹಾಲಿಗೆ ಒದ್ದೆಯಾಗಿತ್ತು. ಒಂದು ವಾರ ಅದು ಒದ್ದೆಯಾಗುತ್ತಲೇ ಇತ್ತು. ಅವಳು ಹಿತ್ತಲ ದಾಸವಾಳದ ಬುಡದಲ್ಲಿ ಕೂತು ಹಾಲು ಹಿಂಡಿ ಚೆಲ್ಲುವುದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ.

ಅವಳು ಮೆಟ್ರಿಗೆ ಹೋದ ಮೇಲೆ ಯಜಮಾನರು ಬಿಳಿಗಾರದ ಗಡ್ಡೆಗಳನ್ನೆಲ್ಲ ಬಂಗಾರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. "ಇನ್ನ ಮ್ಯಾಲೆ ಓಣ್ಯಾಗ ಯಾರಿಗೂ ಕೊಡಬ್ಯಾಡ" ಎಂದರು. ಕಲ್ಲಿನ ಮೇಲೆ ತೇಯ್ದದ್ದು ದಿನಾ ಕಡಿಮೆಯಾಗುತ್ತಿದ್ದುದು ಅವರಿಗೆ ಕಾಣದೆ ಇರುತ್ತದೆಯೇ? ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಾಲ್ಕು ವರ್ಷದ ಹಿಂದೆ ಅವರೂ ಹೋದರು. ಬೀಗ ಹಾಕಿದ ದಿನದಿಂದಲೇ ಬಿಳಿಗಾರ ಕೇಳಿ ಬಂದವರಿಗೆ ಇಲ್ಲ ಎನ್ನತೊಡಗಿದ್ದೆ. ಕಾಳಕ್ಕನಿಗೆ ಸೊಕ್ಕು ಬಂತು ಎಂದರು. ಯಾಕೆ ಕೊಡಬಾರದು ಎಂದು ಒಬ್ಬರಿಗಾದರೂ ಬಿಡಿಸಿ ಹೇಳಬೇಕಿತ್ತು. ಅದನ್ನೂ ಮಾಡಲಿಲ್ಲ.

ಅದರ ಜಾತಕ ನನಗೆ ಬಿಟ್ಟು ಬಿಟ್ಟು ತಿಳಿಯಿತು. ಜಿರಳೆಗೆ ಇಡುವ ಪುಡಿಯಲ್ಲಿ ಇರುವುದು ಅದರದೇ ಬಳಗದ್ದೆಂದು ಕಿರಾಣಿ ಅಂಗಡಿಯವ ಹೇಳಿದ. ಕ್ಯಾರಂ ಹಲಗೆಯ ಮೇಲೆ ಬಿಲ್ಲೆ ಜಾರಲು ಉದುರಿಸುವುದೂ ಅದೇ. ಭಾಗ್ಯಳ ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಕೆಲವು ಬಗೆಯ ಉಕ್ಕು ಗಟ್ಟಿ ಬರಲು ಬೋರಾನನ್ನು ತೀರಾ ಸ್ವಲ್ಪ ಬೆರೆಸುತ್ತಾರೆ, ಉರಿಗಿಟ್ಟರೂ ಸೀಳದ ಗಾಜಿಗೂ ಅದೇ ಬೇಕು ಎಂದು ಅವನು ಹೇಳಿದ. ಎಲ್ಲರೂ ಅದರ ಉಪಯೋಗ ಹೇಳುವವರೇ. ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ.

ಎರಡು ವರ್ಷದ ಮೇಲೆ ಭಾಗ್ಯ ಹುಟ್ಟಿದಾಗ ಶಾರಿ ನನ್ನ ಮನೆಗೆ ಬರಲಿಲ್ಲ. ಕರೆಯಲು ನನಗೂ ಮುಖವಿರಲಿಲ್ಲ. ನೋಡಲು ಹೋದಾಗ ಅವಳು ಜಡೆಯ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡು ಕೂತು ಹಾಲು ಕೊಡುತ್ತಿದ್ದಳು. ತೂಕಡಿಸಿದರೆ ಜಗ್ಗಿ ಎಚ್ಚರವಾಗಲಿ ಎಂದು. ಆ ದಿನ ಹೇಳಬಹುದಿತ್ತು. ಕೊಬ್ಬರಿ, ಬೆಲ್ಲ ಕೊಟ್ಟು ಬಸ್ಸು ಹತ್ತಿದೆ.

ಹೋದ ಶ್ರಾವಣದ ಆ ಮಧ್ಯಾಹ್ನ ವೀರೇಶ ಪಂಪು ಹೊತ್ತು ತೋಟಕ್ಕೆ ಹೋಗಿದ್ದ. ಭಾಗ್ಯ ಕೂಸನ್ನು ತೊಟ್ಟಿಲಿಗೆ ಹಾಕಿ ಕೂತಲ್ಲೇ ಗೋಡೆಗೆ ತಲೆ ಆನಿಸಿದ್ದಳು. ಶಾರಿ ಹಿತ್ತಲ ಮೆಟ್ಟಿಲ ಮೇಲೆ ಬಂದು ಕೂತು ಅಕ್ಕಿ ಹಸನು ಮಾಡತೊಡಗಿದಳು. ನಲವತ್ತೈದು ದಾಟದವಳು, ನನಗಿಂತ ಮುದುಕಿಯ ಹಾಗೆ ಕಾಣುತ್ತಿದ್ದಳು.

"ಭಾಗ್ಯಾನ ಮಲಗಾಕ ಬಿಡು, ಶಾರಿ."

"ನಿನಗ ಗೊತ್ತಿದ್ದೂ ಹಿಂಗಂತೀಯಲ್ಲ ಅಕ್ಕ."

"ನನಗ ಗೊತ್ತೈತಿ ಅಂತನ ಹೇಳಾಕತ್ತೀನಿ. ನಿನ್ನ ಹಾಲು ನೆತ್ತಿಗೇರಲಿಲ್ಲ. ನಾನು ಬಿಳಿಗಾರ ಕೊಟ್ಟಿದ್ದೆ."

ಅವಳ ಕೈ ಮೊರದಲ್ಲಿ ನಿಂತಿತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಬಾಯಿ ಬರುತ್ತಿರಲಿಲ್ಲ. ಸೀರೆಯ ತುಂಡು, ಜೇನು, ಕಲ್ಲಿನ ಮೇಲಿಂದ ಬಳಿದದ್ದು, ಡಾಕ್ಟರು ಮೂರು ಸಲ ಕೇಳಿದ್ದು, ಎಲ್ಲ ಹೇಳಿದೆ.

"ಎಷ್ಟು ದಿನ ಕೊಟ್ಟಿ?"

"ಹತ್ತು ಹನ್ನೆರಡು ದಿನ."

"ನಾ ಮಲಗಿದ್ದಾಗ?"

"ಹೂಂ. ನೀ ಮಲಗಲಿ ಅಂತ."

"ಬ್ಯಾಡ ಅಂದಿದ್ದೆ ನಾನು."

"ಅಂದಿದ್ದಿ."

ಮೊರವನ್ನು ಪಕ್ಕಕ್ಕಿಟ್ಟಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಅವತ್ತಿನಿಂದ ನಾ ಬಲಮಗ್ಗಲಾಗಿ ಮಲಗಿಲ್ಲ ಅಕ್ಕ" ಎಂದಳು. "ನಿದ್ದಿಗಣ್ಣಾಗ ಆ ಕಡಿ ಹೊರಳಿದ್ರ ಎದ್ದು ಕುಂದ್ರತೀನಿ. ನೀ ಅವಾಗವಾಗ ಬರ್ತಿದ್ದಿ, ಉಂಡು ಹೋಗ್ತಿದ್ದಿ. ಒಂದು ಸಲನೂ ನಿನ್ನ ಬಾಯಿ ಬರ್ಲಿಲ್ಲೇನು?"

ಅವಳು ಎದ್ದು ಒಳಗೆ ಹೋದಳು. ನಾನು ಮೆಟ್ಟಿಲ ಮೇಲಿಂದ ನೋಡಿದೆ. ಗೋಡೆಗೆ ಒರಗಿದ್ದ ಭಾಗ್ಯಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಚಾಪೆಗೆ ಇಳಿಸಿ, ಕಾಲು ನೀಡಿಸಿ, ಹೊದಿಕೆ ಎಳೆದಳು. ಮಗಳು ಎಚ್ಚರವಾಗಲಿಲ್ಲ. ಶಾರಿ ತೊಟ್ಟಿಲಿನ ಹಗ್ಗ ಹಿಡಿದು ನನಗೆ ಬೆನ್ನು ಮಾಡಿ ಕೂತಳು. ಆಗ ಅವಳ ಬೆನ್ನು ಅಲುಗತೊಡಗಿತು. ಆಸ್ಪತ್ರೆಯಲ್ಲಿ ಅಳದಿದ್ದ ಅಳು.

ಹತ್ತಿರ ಹೋಗಿ ಮುಟ್ಟುವ ಧೈರ್ಯ ಬರಲಿಲ್ಲ. ಹೊಸ್ತಿಲ ಈಚೆ ನೆಲದ ಮೇಲೆ ಕೂತು, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಶಾರಿ, ಕೂಸಿಗೆ ಬಿಳಿಗಾರ ಹಾಕಿದ್ದು ನನ್ನ ತಪ್ಪು. ಡಾಕ್ಟರ್ ಮುಂದ ಬಾಯಿ ಮುಚ್ಚಿದ್ದು ನನ್ನ ತಪ್ಪು. ನಿಮ್ಮ ಅತ್ತಿ ನಿನ್ನ ಮ್ಯಾಲೆ ಹೊರಿಸಿದಾಗ ಸುಮ್ಮನ ನಿಂತು ನೋಡಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ನಿಂದೇನೂ ಇಲ್ಲವ್ವ. ನೀ ತಾಯಿ, ನೀ ಹಾಲು ಕುಡಿಸಿದಿ ಅಷ್ಟ. ನನ್ನ ಕ್ಷಮಿಸು, ತಂಗಿ."